ಸೇವ್ ಮಾಡಿ, ಲಾಗ್‌ಔಟ್ ಆಗಿ

ಮೇ ತಿಂಗಳ ಸಂಜೆ ಐದೂವರೆ. ಗುಡುಗು, ಜೋರು ಮಳೆ. ಕರೆಂಟ್ ಹೋಯಿತು. ಸರ್ವರ್ ರೂಮಿನ ಯುಪಿಎಸ್ ಬೀಪ್ ಬೀಪ್ ಅನ್ನತೊಡಗಿತು.

ಆಗ ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸಿಸ್ಟಂ ಅಡ್ಮಿನ್. ಇದ್ದದ್ದು ಒಂದೇ ಸರ್ವರ್, ಎಲ್ಲರ ಕೆಲಸ ಓಡುವ ದೊಡ್ಡ ಕಂಪ್ಯೂಟರ್; ಅದರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಲ್ಯಾಬಿನವರು, ಹಾಸ್ಟೆಲಿನವರು ಎಲ್ಲರೂ ಅದಕ್ಕೇ ಲಾಗಿನ್ ಆಗುತ್ತಿದ್ದರು. ಯುಪಿಎಸ್‌ನ ಬ್ಯಾಟರಿ ಹಳೆಯದು, 20 ನಿಮಿಷ ಬಂದರೆ ಹೆಚ್ಚು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಹೊತ್ತಿನಲ್ಲಿ ಗಾಬರಿಯಾಗಿ ಸರ್ವರಿನ ಸ್ವಿಚ್ಚನ್ನೇ ಆರಿಸಿದ್ದೆ. ನಾವು ಬರೆದದ್ದೆಲ್ಲ ತಕ್ಷಣ ಡಿಸ್ಕಿಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರುತ್ತದೆ, ಸ್ವಿಚ್ ಆರಿಸಿದರೆ ಅಳಿಸಿಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಡಿಸ್ಕ್ ತಪಾಸಣೆ ಗಂಟೆಗಟ್ಟಲೆ ನಡೆಯಿತು. ತಪಾಸಣೆಯಲ್ಲಿ ಸಿಕ್ಕ ದಿಕ್ಕಿಲ್ಲದ ಫೈಲುಗಳು ಬೀಳುವ ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರಿನಲ್ಲಿ ಹೆಸರೇ ಇಲ್ಲದ, ಬರೀ ನಂಬರಿನ ಫೈಲುಗಳು. ಯಾವುದು ಯಾರ ಪ್ರಾಜೆಕ್ಟ್ ಅಂತ ಒಂದೊಂದೇ ತೆರೆದು ಹುಡುಕಿದೆ. ಮೂವರಿಗೆ ಅವರ ಕೆಲಸ ವಾಪಸ್ ಕೊಡಲು ಆಗಲೇ ಇಲ್ಲ. ಅವರ ಮುಖ ಇನ್ನೂ ನೆನಪಿದೆ.

ಹಾಗಾಗಿ ಈ ಸಲ ಮೊದಲು ‘ಹೂ’ (who, ಅಂದರೆ ಯಾರು) ಕಮಾಂಡ್ ಕೊಟ್ಟು ಒಳಗೆ ಯಾರ್ಯಾರಿದ್ದಾರೆ ಅಂತ ನೋಡಿದೆ. 14 ಹೆಸರು. ಶಟ್‌ಡೌನ್‌ಗೆ 10 ನಿಮಿಷದ ಗಡುವು ಕೊಟ್ಟೆ. ಜೊತೆಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: ‘ಕರೆಂಟ್ ಇಲ್ಲ. ಎಲ್ಲರೂ ಸೇವ್ ಮಾಡಿ ಲಾಗ್‌ಔಟ್ ಆಗಿ.’ ಒಳಗಿದ್ದ ಎಲ್ಲರ ಪರದೆಯ ಮೇಲೂ ಅದು ಮೂಡಿತು.

"ಸರ್, ನನ್ನ ಪ್ರೋಗ್ರಾಂ ಹಾಳಾಯ್ತು!" ಲ್ಯಾಬಿನಿಂದ ಒಬ್ಬ ಹುಡುಗಿ ಕೂಗಿದಳು. ಓಡಿ ಹೋಗಿ ನೋಡಿದೆ. ಕೋಡ್ ಬರೆಯುವ ವಿಐ ಎಡಿಟರಿನಲ್ಲಿ ಅವಳ ಕೋಡಿನ ನಡುವೆಯೇ ನನ್ನ ಸಂದೇಶ ಬಂದು ಕೂತಿತ್ತು. ಅದು ಪರದೆಯ ಮೇಲೆ ಮಾತ್ರ, ಫೈಲಿನಲ್ಲಲ್ಲ. "ಏನೂ ಆಗಿಲ್ಲಮ್ಮ, ಕಂಟ್ರೋಲ್ ಎಲ್ ಒತ್ತು" ಅಂದೆ. ಪರದೆ ಮೊದಲಿನಂತಾಯಿತು. ಅವಳು ಸೇವ್ ಮಾಡಿ ಹೊರಬರುವವರೆಗೂ ಪಕ್ಕದಲ್ಲೇ ನಿಂತಿದ್ದೆ.

ಒಬ್ಬೊಬ್ಬರಾಗಿ ಹೊರಗೆ ಬಂದರು. ಉಳಿದದ್ದು ಒಂದೇ ಹೆಸರು, ಹಾಸ್ಟೆಲಿನಿಂದ. ಅವನ ಸಿಮ್ಯುಲೇಶನ್ ಬೆಳಿಗ್ಗೆಯಿಂದ ಓಡುತ್ತಿತ್ತು. ಫೋನ್ ಮಾಡಿದೆ.

"ಸರ್, ಈ ಸುತ್ತು ಮುಗಿದರೆ ರಿಸಲ್ಟ್ ಫೈಲಿಗೆ ಬರುತ್ತೆ. ಐದು ನಿಮಿಷ ಕೊಡಿ ಸರ್, ಪ್ಲೀಸ್."

ಗಡುವು ಮುಗಿಯಲು ಎರಡೇ ನಿಮಿಷವಿತ್ತು. ಯುಪಿಎಸ್‌ನ ಬ್ಯಾಟರಿ ದೀಪ ನೋಡಿದೆ. ಶಟ್‌ಡೌನ್ ರದ್ದು ಮಾಡಿ, ಮತ್ತೆ ಐದು ನಿಮಿಷಕ್ಕೆ ಇಟ್ಟೆ. ಶಟ್‌ಡೌನ್‌ಗೆ ಮುಂಚಿನ ಕೊನೆಯ ಐದು ನಿಮಿಷ ಸಿಸ್ಟಂ ತಾನಾಗಿಯೇ ಹೊಸಬರನ್ನು ಒಳಗೆ ಬಿಡುವುದಿಲ್ಲ, ಆ ಧೈರ್ಯ ಇತ್ತು. ಬೀಪ್ ಸದ್ದು ಬಿರುಸಾಯಿತು. ಕೈ ಬೆವರುತ್ತಿತ್ತು.

"ಆಯ್ತು ಸರ್, ಬಂತು!"

ಆಮೇಲಿನದು ಯಂತ್ರದ ಕೆಲಸ. ಓಡುತ್ತಿದ್ದ ಪ್ರೋಗ್ರಾಂಗಳಿಗೆಲ್ಲ ಮೊದಲು ‘ಮುಗಿಸಿಕೊಳ್ಳಿ’ ಎಂಬ ಸೂಚನೆ ಹೋಗುತ್ತದೆ, ಅದು 15ನೇ ನಂಬರಿನ ಸಿಗ್ನಲ್. ಕೇಳದವಕ್ಕೆ 9, ಅಂದರೆ ಬಲವಂತವಾಗಿ ನಿಲ್ಲಿಸುವುದು. ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆದು, ಡಿಸ್ಕುಗಳನ್ನು ಸಿಸ್ಟಂನ ಬಳಕೆಯಿಂದ ಬಿಡಿಸಿ, ಕೊನೆಗೆ ‘ಪವರ್ ಡೌನ್’. ಫ್ಯಾನಿನ ಸದ್ದು ನಿಂತಿತು. ಹೊರಗಿನ ಮಳೆ ಆಗ ಕೇಳಿಸಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಸರ್ವರ್ ಆನ್ ಮಾಡಿದೆ. ಡಿಸ್ಕಿನ ಹೆಸರಿನ ಮುಂದೆ ‘ಕ್ಲೀನ್’ ಅಂತ ಬಂತು. ಆದರೂ ಮನಸ್ಸು ತಡೆಯದೆ ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರ್ ತೆರೆದು ನೋಡಿದೆ. ಖಾಲಿಯಾಗಿತ್ತು.