ಲ್ಯಾಪ್‌ಟಾಪ್‌ಗೆ ಯಾವ ಡ್ಯಾಕ್ ತಗೊಳ್ಳಲಿ ಅಂತ ಕೇಳುವವರಿಗೆ

ಕಲಬುರಗಿಯಲ್ಲಿ ಪರಿಚಯದ ಹುಡುಗರು ಸಿಕ್ಕಾಗ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. "ಅಣ್ಣಾ, ಲ್ಯಾಪ್‌ಟಾಪ್‌ದಾಗ ಹೆಡ್‌ಫೋನ್ ಸೌಂಡ್ ಛಲೋ ಬರಲ್ಲ. ಎರಡು ಸಾವಿರದಾಗ ಯಾವ ಡ್ಯಾಕ್ ತಗೊಳ್ಲಿ?" ಕೇಳುವವರಲ್ಲಿ ಇಂಜಿನಿಯರಿಂಗ್ ಓದುವವರಿದ್ದಾರೆ, ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿ ಹಾಸ್ಟೆಲ್‌ನವರಿದ್ದಾರೆ, ಮನೆಯಿಂದಲೇ ಕೆಲಸ ಮಾಡುವವರೂ ಇದ್ದಾರೆ. ಎಲ್ಲರಿಗೂ ಎರಡು ಸಾವಿರ ಅಂದರೆ ಯೋಚನೆ ಮಾಡಿ ಖರ್ಚು ಮಾಡುವ ದುಡ್ಡು.

ಈಗಲೇ ಏನೂ ತಗೋಬೇಡಿ ಅನ್ನುವುದೇ ನನ್ನ ಉತ್ತರ. ಕಂಪ್ಯೂಟರಿನಲ್ಲಿ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಆ ಅಂಕಿಗಳನ್ನು ಹೆಡ್‌ಫೋನ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡುವ ಚಿಪ್‌ಗೆ ಡ್ಯಾಕ್ ಅಂತಾರೆ. ಡ್ಯಾಕ್ ಅಂತ ಬೇರೆಯಾಗಿ ಮಾರುವುದು ಅದೇ ತರದ ಚಿಪ್ ಇರುವ ಸಾಧನವನ್ನು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಈಗಾಗಲೇ ಇದೆ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ರಿಯಲ್‌ಟೆಕ್ ಕಂಪನಿಯ ಚಿಪ್. ಸಾಮಾನ್ಯ ಇಯರ್‌ಫೋನ್‌ಗೆ ಅದು ಸಾಕು. ಸೌಂಡ್ ಕೆಡುವುದು ಬಹಳಷ್ಟು ಸಲ ಆ ಚಿಪ್‌ಗಿಂತ ಮೊದಲು, ಅಂದರೆ ಸೆಟ್ಟಿಂಗ್‌ಗಳಲ್ಲಿ, ಅಥವಾ ಅದರ ಆಚೆ, ಅಂದರೆ ಪಿನ್, ಇಯರ್‌ಫೋನ್ ಕಡೆ. ಎರಡನ್ನೂ ಸರಿ ಮಾಡಲು ಖರ್ಚು ಇಲ್ಲ, ಇದ್ದರೂ ಕಮ್ಮಿ.

ಮೊದಲು ತಪ್ಪು ಎಲ್ಲಿದೆ ಅಂತ ನೋಡಿಕೊಳ್ಳಿ. ಅದೇ ಇಯರ್‌ಫೋನನ್ನು, ಅದೇ ಹಾಡಿಗೆ, ಪಿನ್ ಹಾಕುವ ಜಾಗ ಇರುವ ಫೋನ್‌ನಲ್ಲಿ ಕೇಳಿ. ನಿಮ್ಮ ಫೋನ್‌ನಲ್ಲಿ ಇಲ್ಲದಿದ್ದರೆ ಮನೆಯಲ್ಲಿ ಯಾರದಾದರೂ ಹಳೇ ಫೋನ್ ಇರುತ್ತದೆ. ಎರಡರಲ್ಲೂ ಸೌಂಡ್ ಹೆಚ್ಚೂ ಕಮ್ಮಿ ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಫೋನ್‌ನಲ್ಲಿ ಚೆನ್ನಾಗಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಮುಂದೆ ಹೇಳುವ ಸೆಟ್ಟಿಂಗ್‌ಗಳ ಕಡೆ ಹೋಗಿ. ಎರಡರಲ್ಲೂ ಕೆಟ್ಟಿದ್ದರೆ ಇಯರ್‌ಫೋನ್ ಬದಲಿಸಬೇಕು. ಡ್ಯಾಕ್ ತಂದರೂ ಆ ಇಯರ್‌ಫೋನ್ ಹಾಗೇ ಇರುತ್ತದೆ.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಲ್ಯಾಪ್‌ಟಾಪ್ ಕಂಪನಿಯವರು ಹಾಕಿ ಕೊಟ್ಟಿರುವ ಎಫೆಕ್ಟ್‌ಗಳನ್ನು. ಡಾಲ್ಬಿ, ಡಿಟಿಎಸ್, ಮ್ಯಾಕ್ಸ್‌ಆಡಿಯೋ ಅಂತ ಹೆಸರು ಬೇರೆ ಬೇರೆ. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗಳಲ್ಲಿ ಸೌಂಡ್ ದೊಡ್ಡದಾಗಿ ಕೇಳಲಿ ಅಂತ ಇವು ಸಣ್ಣ ಸದ್ದನ್ನು ಎತ್ತುತ್ತವೆ, ದೊಡ್ಡ ಸದ್ದನ್ನು ಅದುಮುತ್ತವೆ. ಸ್ಪೀಕರ್‌ಗೆ ಅದು ಸರಿಯೇ. ಹೆಡ್‌ಫೋನ್ ಹಾಕಿದಾಗಲೂ ಆನ್ ಇದ್ದರೆ ಹಾಡು ಉಸಿರುಗಟ್ಟಿದ ಹಾಗೆ ಕೇಳುತ್ತದೆ.

ಇದನ್ನು ಕಿವಿಯಿಂದಲೇ ಹಿಡಿಯಬಹುದು. ತಂಬೂರಿ, ತಬಲಾ ಇರುವ ಯಾವುದಾದರೂ ವಿಲಂಬಿತ್ ಖಯಾಲ್, ಅಂದರೆ ನಿಧಾನ ಗತಿಯ ಹಿಂದೂಸ್ತಾನಿ ಹಾಡು ಹಾಕಿ. ಹಾಡುವವರನ್ನು ಬಿಟ್ಟು ತಂಬೂರಿಗೆ ಮಾತ್ರ ಗಮನ ಕೊಡಿ. ಅದು ಒಂದೇ ಸಮ ಹರಿಯುತ್ತಿರಬೇಕು. ತಬಲಾ, ಡಗ್ಗಾ ಎರಡರ ಮೇಲೂ ಒಟ್ಟಿಗೆ ಗಟ್ಟಿಯಾದ 'ಧಾ' ಬಿದ್ದ ತಕ್ಷಣ ತಂಬೂರಿ ಹಿಂದೆ ಸರಿದು, ಮತ್ತೆ ನಿಧಾನಕ್ಕೆ ಮೇಲೆದ್ದರೆ ಎಫೆಕ್ಟ್ ಆನ್ ಇದೆ ಅಂತ ಅರ್ಥ. ಆಫ್ ಮಾಡಿ ಹಾಡಿನ ಅದೇ ಭಾಗ ಮತ್ತೆ ಕೇಳಿ. ತಂಬೂರಿ ಅಲುಗಾಡದೆ ನಿಲ್ಲುತ್ತದೆ, ತಬಲಾಕ್ಕೆ ಪೆಟ್ಟಿನ ತೂಕ ಬರುತ್ತದೆ. ಸೌಂಡ್ ಸ್ವಲ್ಪ ಕಮ್ಮಿ ಅನ್ನಿಸಿದರೆ ವಾಲ್ಯೂಮ್ ಎರಡು ಪಾಯಿಂಟ್ ಏರಿಸಿದರಾಯಿತು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋಗಿ ನಿಮ್ಮ ಹೆಡ್‌ಫೋನ್ ಮೇಲೆ ಒತ್ತಿದರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಸಿಗುತ್ತದೆ. ಅಲ್ಲಿ ಆಫ್ ಮಾಡಿ. ಕಂಪನಿಯ ಆಪ್ ಇದ್ದರೆ ಅದರಲ್ಲೂ ಆಫ್ ಮಾಡಿ. ಅದೇ ಸೌಂಡ್ ಪುಟದಲ್ಲಿ ಮೋನೋ ಆಡಿಯೋ ಅಂತ ಒಂದು ಬಟನ್ ಇದೆ. ಅದು ಆನ್ ಆಗಿದ್ದರೆ ಎಡ ಬಲ ಎರಡೂ ಒಂದಾಗಿ ಹಾಡೆಲ್ಲ ತಲೆಯ ನಡುವೆ ಬಂದು ಕೂರುತ್ತದೆ.

ಬ್ಲೂಟೂತ್ ಹೆಡ್‌ಫೋನ್‌ನವರ ದೂರು ಬೇರೆ. "ಹಾಡು ಚೆನ್ನಾಗಿ ಬರ್ತಿತ್ತು, ಆನ್‌ಲೈನ್ ಕ್ಲಾಸ್ ಶುರುವಾದ ಕೂಡಲೇ ಹಳೇ ಲ್ಯಾಂಡ್‌ಲೈನ್ ಫೋನ್ ತರ ಆಯ್ತು." ಹೆಡ್‌ಫೋನ್ ಕೆಟ್ಟಿಲ್ಲ. ಹಾಡಿಗೆ ಬ್ಲೂಟೂತ್ ಬಳಸುವ ದಾರಿ ಒಂದು, ಮೈಕ್ ಬೇಕಾದಾಗ ಬಳಸುವ ದಾರಿ ಇನ್ನೊಂದು. ಹಾಡಿನ ದಾರಿಯಲ್ಲಿ ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಸ್ಯಾಂಪಲ್, ಅಂದರೆ ಸದ್ದನ್ನು ಅಳೆದ ಅಂಕಿಗಳು ಹೋಗುತ್ತವೆ. ಮಾತಿನ ದಾರಿಯಲ್ಲಿ ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ 8,000 ಅಥವಾ 16,000, ಅದೂ ಮೋನೋ. ಮೀಟಿಂಗ್ ಆಪ್‌ನಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಆರಿಸಿ. ಹೆಡ್‌ಫೋನ್ ಕೇಳುವುದಕ್ಕೆ ಮಾತ್ರ ಇರಲಿ. ಸೌಂಡ್ ವಾಪಸ್ ಬರುತ್ತದೆ.

ವೈರ್ ಇರುವವರು ಪಿನ್ ಪೂರ್ತಿ ಕೂತಿದೆಯಾ ಅಂತ ನೋಡಿ. ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ದೂರದಲ್ಲಿ ಗುಹೆಯೊಳಗಿಂದ ಬಂದಂತಿದೆ ಅನ್ನುವವರಲ್ಲಿ ಬಹಳ ಜನರದ್ದು ಇದೇ ಕಥೆ. ಎಡ ಬಲ ಎರಡಕ್ಕೂ ಸೇರಿ ಇರುವ ಗ್ರೌಂಡ್ ಸಂಪರ್ಕ ಸರಿಯಾಗಿ ತಾಗದಿದ್ದರೆ ಎಡ ಬಲ ಎರಡರಲ್ಲೂ ಸಮನಾಗಿರುವ ಸದ್ದು ಒಂದನ್ನೊಂದು ಕಳೆದುಕೊಳ್ಳುತ್ತದೆ. ದನಿ ಎರಡರಲ್ಲೂ ಸಮನಾಗಿರುವುದರಿಂದ ಅದೇ ಮೊದಲು ಹೋಗುತ್ತದೆ. ನಮ್ಮ ಕಡೆ ಧೂಳಂತೂ ಕೇಳಬೇಡಿ. ವಾಡಿ, ಸೇಡಂ ಕಡೆ ಸಿಮೆಂಟ್ ಧೂಳು, ಶಹಾಬಾದ್ ಕಡೆ ಕಲ್ಲಿನ ಧೂಳು. ಅದು ಹತ್ತಿಯ ಎಳೆಯ ಜೊತೆ ಸೇರಿ ಜಾಕ್‌ನ ತಳದಲ್ಲಿ ಗಟ್ಟಿಯಾಗುತ್ತದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿ, ಕಟ್ಟಿಗೆಯ ಟೂತ್‌ಪಿಕ್‌ನಿಂದ ಮೆಲ್ಲಗೆ ಹೊರಗೆ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡ.

ಇನ್ನು ಬೇಸ್ ವಿಷಯ. "ಬೇಸ್ ಇಲ್ಲ" ಅನ್ನುವವರ ಇಯರ್‌ಫೋನ್ ಟಿಪ್ಪನ್ನು ನಾನು ಮೊದಲು ನೋಡುತ್ತೇನೆ. ಕಿವಿಯೊಳಗೆ ಕೂರುವ ರಬ್ಬರ್ ಟಿಪ್ ಸಡಿಲ ಇದ್ದರೆ ಬೇಸ್ ಆ ಸಂದಿಯಿಂದಲೇ ಹೊರಗೆ ಹೋಗುತ್ತದೆ. ಡಬ್ಬಿಯಲ್ಲಿ ಮೂರು ಸೈಜ್ ಕೊಟ್ಟಿರುತ್ತಾರೆ. ಬಹಳ ಜನ ನಡುವಿನದನ್ನೇ ಹಾಕಿಕೊಂಡಿರುತ್ತಾರೆ, ಉಳಿದ ಎರಡನ್ನು ಮುಟ್ಟಿರುವುದಿಲ್ಲ. ಒಂದು ಕಿವಿಗೆ ದೊಡ್ಡದು, ಇನ್ನೊಂದಕ್ಕೆ ನಡುವಿನದು ಬೇಕಾಗುವುದೂ ಉಂಟು. ಇಯರ್‌ಫೋನ್ ಬೆರಳಿಂದ ಮೆಲ್ಲಗೆ ಒಳಗೆ ಒತ್ತಿದಾಗ ಬೇಸ್ ಥಟ್ಟನೆ ಏರಿದರೆ ನಿಮಗೆ ದೊಡ್ಡ ಟಿಪ್ ಬೇಕು ಅಂತಲೇ ಲೆಕ್ಕ.

ಕಲಬುರಗಿಯ ಬೇಸಿಗೆಯಲ್ಲಿ ಈ ಟಿಪ್ ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಮನೆಯಲ್ಲಿ ಕೂಲರ್ ಹಗಲೂ ರಾತ್ರಿ ಓಡುತ್ತದೆ, ಮೇಲೆ ಫ್ಯಾನ್, ಜೊತೆಗೆ ಬಿಸಿಯಾದ ಲ್ಯಾಪ್‌ಟಾಪ್‌ನ ಒಳಗಿನ ಫ್ಯಾನ್. ಕೂಲರ್‌ನ ಗುಂಯ್ ಸದ್ದಿನಲ್ಲಿ ತಗ್ಗಿನ ಸ್ವರಗಳೇ ಜಾಸ್ತಿ. ಅದು ಹಾಡಿನ ಬೇಸನ್ನು ಮುಚ್ಚುತ್ತದೆ. ಆಗ ನಾವು ಮಾಡುವುದು ವಾಲ್ಯೂಮ್ ಏರಿಸುವುದು. ಬೇಸ್ ಸರಿಯಾಗಿ ಕೇಳುವ ಮೊದಲೇ ಮೇಲಿನ ಸ್ವರ ಕಿವಿಗೆ ಚುಚ್ಚುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಫೋಮ್ ಟಿಪ್ ಹಾಕಿ ನೋಡಿ. ಒತ್ತಿ ಸಣ್ಣದು ಮಾಡಿ ಕಿವಿಗೆ ಹಾಕಿದರೆ ಒಳಗೆ ಅರಳಿ ಗಟ್ಟಿಯಾಗಿ ಕೂರುತ್ತದೆ. ಬೆವರಿಗೆ ಬೇಗ ಸವೆಯುತ್ತದೆ, ಆಗಾಗ ಬದಲಿಸಬೇಕು. ಹೊಸ ಡ್ಯಾಕ್‌ಗಿಂತ ಇದರಿಂದ ಕಾಣುವ ವ್ಯತ್ಯಾಸವೇ ದೊಡ್ಡದು.

ಕಿವಿಯ ವಿಷಯದಲ್ಲಿ ನನಗೆ ನಿಜಕ್ಕೂ ಕಾಳಜಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮಕ್ಕಳಿಗೆ 75. ಮೂರು ಡೆಸಿಬಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕೂಲರ್ ಪಕ್ಕ ಕೂತು ಅದನ್ನು ಮೀರುವಷ್ಟು ಜೋರಾಗಿ ಇಡೀ ದಿನ ಕೇಳುವ ಹುಡುಗರನ್ನು ನೋಡಿದರೆ ಸಂಕಟ ಆಗುತ್ತದೆ. ಹಾಳಾದ ಕಿವಿ ವಾಪಸ್ ಬರಲ್ಲ.

ಚಾರ್ಜರ್ ಹಾಕಿದಾಗ ಮಾತ್ರ ಗರ್ ಅಂತ ಸದ್ದು ಬರುತ್ತದೆ ಅನ್ನುವವರೂ ಇದ್ದಾರೆ. ಚಾರ್ಜರ್ ತೆಗೆದ ಕೂಡಲೇ ಸದ್ದು ನಿಂತರೆ ಹೆಡ್‌ಫೋನ್‌ದು ತಪ್ಪಿಲ್ಲ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರ್‌ಗೆ ಸಿಕ್ಕಿಸಿದ್ದೀರಾ ನೋಡಿ, ಅಲ್ಲಿಗೆ ಅರ್ಥಿಂಗ್ ಹೋಯಿತು. ಲೋಹದ ಲ್ಯಾಪ್‌ಟಾಪ್ ಮೇಲೆ ಕೈ ಸವರಿದರೆ ಜುಮ್ ಅನ್ನುವುದೂ ಇದಕ್ಕೇ. ಮೂರು ಪಿನ್ನಿನ ಬೋರ್ಡ್‌ಗೆ ಹಾಕಿದರೂ ಹೋಗದಿದ್ದರೆ ಮನೆಯ ಅರ್ಥಿಂಗ್ ಮೇಲೆ ಅನುಮಾನ ಪಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಇದ್ದಲು, ಉಪ್ಪು ಹಾಕಿದ ಅರ್ಥ್ ಗುಂಡಿಯೂ ಒಣಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯಲ್ಲ. ಗುಂಡಿಗೆ ಆಗಾಗ ನೀರು ಹಾಕಿ, ಎಲೆಕ್ಟ್ರಿಶಿಯನ್ ಕರೆಸಿ ಅಳೆಸಿ. ನೀವೇ ಬೋರ್ಡ್ ಬಿಚ್ಚಬೇಡಿ. ಇದು ಹಾಡಿಗಿಂತ ಮನೆಯವರ ಸುರಕ್ಷತೆಗೇ ಬೇಕಾದ ಕೆಲಸ.

ಇಷ್ಟಾದ ಮೇಲೆ ಇಕ್ವಲೈಸರ್, ಅಂದರೆ ತಗ್ಗಿನ ಸ್ವರ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ. ವಿಂಡೋಸ್‌ಗೆ ಇಕ್ವಲೈಸರ್ ಎಪಿಒ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರ ಮೇಲೆ ಪೀಸ್ ಅನ್ನುವ ಇನ್ನೊಂದನ್ನು ಹಾಕಿದರೆ ಬಳಸುವುದು ಸುಲಭ. ಲಿನಕ್ಸ್‌ನವರಿಗೆ ಈಸಿ ಎಫೆಕ್ಟ್ಸ್ ಇದೆ. ಒಂದು ಮಾತು ನೆನಪಿರಲಿ: ವಿಂಡೋಸ್‌ನ ಎನ್‌ಹಾನ್ಸ್‌ಮೆಂಟ್ಸ್ ಪೂರ್ತಿ ಆಫ್ ಇದ್ದರೆ ಎಪಿಒ ಕೂಡ ಕೆಲಸ ಮಾಡಲ್ಲ. ಎಪಿಒ ಬಳಸುವವರು ಅದನ್ನು ಮತ್ತೆ ಆನ್ ಮಾಡಿ, ಎಫೆಕ್ಟನ್ನು ಕಂಪನಿಯ ಆಪ್‌ನಲ್ಲಿ ಮಾತ್ರ ಆಫ್ ಇಡಬೇಕು. ಆಟೋಇಕ್ಯೂ ಅನ್ನುವ ವೆಬ್‌ಸೈಟ್‌ನಲ್ಲಿ ಸಾವಿರಾರು ಹೆಡ್‌ಫೋನ್ ಮಾಡೆಲ್‌ಗಳಿಗೆ ಸಿದ್ಧ ಸೆಟ್ಟಿಂಗ್ ಪುಕ್ಕಟೆ ಸಿಗುತ್ತವೆ. ನಿಮ್ಮ ಮಾಡೆಲ್ ಇದ್ದರೆ ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಏರಿಸುವ ಬದಲು ಇಳಿಸಿ. ಸ್ವರದ ಎತ್ತರವನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಅಗ್ಗದ ಇಯರ್‌ಫೋನ್‌ಗಳಲ್ಲಿ 150ರಿಂದ 250 ಹರ್ಟ್ಸ್ ನಡುವೆ ಉಬ್ಬು ಜಾಸ್ತಿ, ಅಲ್ಲಿ ಮೂರು ಡಿಬಿ (ಡೆಸಿಬಲ್) ಇಳಿಸಿದರೆ ದನಿ ಬಿಡಿಸಿಕೊಂಡು ಮುಂದೆ ಬರುತ್ತದೆ. 'ಸ', 'ಶ' ಚುಚ್ಚಿದರೆ 6,000 ಹರ್ಟ್ಸ್ ಆಸುಪಾಸು ಸ್ವಲ್ಪ ಇಳಿಸಿ. ಬೇಸ್ ಆರು ಡಿಬಿ ಏರಿಸಲೇಬೇಕು ಅಂದರೆ ಪ್ರೀಆಂಪ್ (ಒಟ್ಟು ಸೌಂಡ್ ಮಟ್ಟ) ಅನ್ನು ಮೈನಸ್ ಆರಕ್ಕೆ ಇಡಿ, ಇಲ್ಲದಿದ್ದರೆ ಸೌಂಡ್ ಒಡೆಯುತ್ತದೆ.

ಈಗ ದುಡ್ಡು. ಎರಡು ಸಾವಿರ ಇದ್ದರೆ ಅದರಲ್ಲಿ ಬಹುಪಾಲು ಒಳ್ಳೆಯ ವೈರ್ಡ್ ಇಯರ್‌ಫೋನ್‌ಗೆ ಹಾಕಿ. ಕೆಜೆಡ್, ಮೂನ್‌ಡ್ರಾಪ್ ತರದ ಚೀನೀ ಕಂಪನಿಗಳು ಈ ಬೆಲೆಯಲ್ಲಿ ಕೊಡುವ ಸೌಂಡ್‌ಗೆ ಬ್ಲೂಟೂತ್‌ನಲ್ಲಿ ಇನ್ನೂ ಜಾಸ್ತಿ ಕೊಡಬೇಕಾಗುತ್ತದೆ. ಡಾಂಗಲ್ ತರದ ಸಣ್ಣ ಡ್ಯಾಕ್ ತಗೊಳ್ಳಿ ಅಂತ ನಾನು ಹೇಳುವುದು ಜಾಕ್ ಕೆಟ್ಟಿದ್ದರೆ, ಹಾಡು ನಿಲ್ಲಿಸಿದಾಗಲೂ ಸುಯ್ ಅನ್ನುವ ಸದ್ದು ಕೇಳುತ್ತಿದ್ದರೆ, ಅಥವಾ ನಿಮ್ಮ ಹೆಡ್‌ಫೋನ್ 250–300 ಓಮ್‌ನದಾಗಿದ್ದು (ಓಮ್ ಅಂದರೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಪೂರ್ತಿ ಏರಿಸಿದರೂ ಸೌಂಡ್ ಸಾಲದಿದ್ದರೆ. 16, 32 ಓಮ್‌ನ ಸಾಮಾನ್ಯ ಇಯರ್‌ಫೋನ್‌ಗೆ ಬೇಕಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಅಂಗಡಿಯಲ್ಲಿ ಟೈಪ್ ಸಿ ಡಾಂಗಲ್ ಕೇಳುವಾಗ ಒಳಗೆ ಡ್ಯಾಕ್ ಚಿಪ್ ಇದೆಯಾ ಅಂತ ಕೇಳಿ. ತೀರಾ ಅಗ್ಗದವುಗಳಲ್ಲಿ ಬರೀ ವೈರ್ ಇರುತ್ತದೆ. ಕೆಲವು ಫೋನ್‌ಗಳಲ್ಲಿ ನಡೆಯುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಸದ್ದೇ ಬರಲ್ಲ. ಸಾಧ್ಯವಾದರೆ ಅಂಗಡಿಗೇ ಲ್ಯಾಪ್‌ಟಾಪ್ ಒಯ್ದು ಹಾಕಿ ನೋಡಿ ತಗೊಳ್ಳಿ.

ಕೊನೆಗೆ ರೆಕಾರ್ಡಿಂಗ್. ನಮ್ಮ ಭಾಗದ ತತ್ವಪದ, ಭಜನೆಗಳು ಎಷ್ಟೋ ಇವತ್ತು ಸಿಗುವುದು ಹಳೇ ಕ್ಯಾಸೆಟ್‌ನಿಂದ ಇಳಿಸಿ ಹಾಕಿದ ರೂಪದಲ್ಲಿ. ಅದರಲ್ಲಿ ಟೇಪಿನ ಸುಯ್ ಸದ್ದು ಸೇರಿಕೊಂಡಿದೆ, ಮೇಲಿನ ಸ್ವರಗಳು ಅರ್ಧ ಹೋಗಿವೆ. ಯಾವ ಡ್ಯಾಕ್ ಕೂಡ ಅದನ್ನು ವಾಪಸ್ ತರಲ್ಲ. ಆದರೆ ಪೀಸ್‌ನಲ್ಲಿ 8,000 ಹರ್ಟ್ಸ್ ಮೇಲೆ ಇಳಿಸಿ, 2,000 ಸುತ್ತಮುತ್ತ ಎರಡು ಡಿಬಿ ಏರಿಸಿದರೆ ಟೇಪಿನ ಸದ್ದು ತಗ್ಗುತ್ತದೆ, ಪದದ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಆ ಸೆಟ್ಟಿಂಗನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳಿ, ಹೊಸ ಹಾಡು ಕೇಳುವಾಗ ನಿಮ್ಮ ಮಾಮೂಲಿ ಸೆಟ್ಟಿಂಗ್‌ಗೆ ಬದಲಿಸಿಕೊಳ್ಳಿ.