ಲಿಂಕ್ ಸಾಲದಾ, ನನ್ನ ಲೆಕ್ಕ ತಪ್ಪಾ?

"ನೆಟ್ ತುಂಬಾ ಸ್ಲೋ, ಲಿಂಕ್ ದೊಡ್ಡದು ಮಾಡ್ಸಿ" ಅಂತ ನೆಟ್‌ವರ್ಕ್ ನೋಡ್ಕೊಳ್ಳೋ ನಂಗೆ ಬೆಳಗ್ಗೆಯಿಂದ ಮೂರನೇ ಫೋನು. ಲಿಂಕ್ ಅಂದ್ರೆ ನಮ್ಮ ಇಂಟರ್ನೆಟ್ ಲೈನು. ಗ್ರಾಫ್ ನೋಡಿದ್ರೆ 100 ಎಂಬಿಪಿಎಸ್ ಲಿಂಕಲ್ಲಿ ಬಳಕೆ ಬರೀ 40. ಆದ್ರೆ ಅದು 5 ನಿಮಿಷದ ಸರಾಸರಿ. 2 ನಿಮಿಷ ತುಂಬಿ ತುಳುಕಿ, 3 ನಿಮಿಷ ಖಾಲಿ ಬಿದ್ದಿದ್ರೂ ಗ್ರಾಫ್ ತೋರಿಸೋದು ಅದೇ 40! ರೂಟರಲ್ಲಿ ಪ್ಯಾಕೆಟ್ ಡ್ರಾಪ್ ಎಣಿಕೆ, ಅಂದ್ರೆ ಲಿಂಕಲ್ಲಿ ಜಾಗ ಸಾಲದೆ ಬಿದ್ದುಹೋದ ಡೇಟಾ ತುಣುಕುಗಳ ಲೆಕ್ಕ ನೋಡಿದೆ, ಏರ್ತಾನೇ ಇತ್ತು. ಲಿಂಕನ್ನ ಯಾರಪ್ಪಾ ತಿಂತಿರೋದು ಅಂತ ಹುಡುಕಿದ್ರೆ, ರಾತ್ರಿ ಓಡಬೇಕಿದ್ದ ಬ್ಯಾಕಪ್ ಹಗಲಲ್ಲಿ ಓಡ್ತಿದೆ. ಟೈಮ್ ಹಾಕಿದವನು ನಾನೇ, ಆ ಮಾತು ಬಿಡಿ.

ಅದನ್ನ ರಾತ್ರಿಗೆ ತಳ್ಳಿದ್ದೀನಿ. ಇನ್ನೆರಡು ವಾರ ಕೆಲಸದ ಹೊತ್ತಿನ ಅಂಕಿ ಮಾತ್ರ ನೋಡೋದು. ಆಗಲೂ ದಿನಾ ಡ್ರಾಪ್ ಆಗಿ, ಕಾಲ್‌ಗಳಲ್ಲಿ ಮಾತು ತುಂಡಾದ್ರೆ ದೊಡ್ಡ ಲಿಂಕ್ ಕೇಳೋದೇ. ಅಲ್ಲಿವರೆಗೂ ಫೋನ್ ಸೈಲೆಂಟ್.