ಗುಂಗುರು ಕೂದಲಿಗೆ ಹೆದರುವ ಲಂಡನ್ ಸಲೂನುಗಳು

ನಾನು ಕೆಲಸ ಮಾಡುವ ಸಲೂನು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿದೆ. ಫೋನ್ ಮಾಡುವ ಕಪ್ಪು ಹೆಂಗಸರು ಎಷ್ಟೋ ಸಲ ರೇಟು ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ, ‘ನನ್ನದು ಆಫ್ರೋ ಕೂದಲು, ನಿಮ್ಮಲ್ಲಿ ಯಾರಿಗಾದರೂ ಮಾಡೋಕೆ ಬರುತ್ತಾ?’ ಆಫ್ರೋ ಅಂದರೆ ಆಫ್ರಿಕನ್ ಮೂಲದವರ ಬಿಗಿ ಸುರುಳಿಯ ಗುಂಗುರು ಕೂದಲು. ಸುತ್ತಮುತ್ತ ಕೆರಿಬಿಯನ್, ಆಫ್ರಿಕನ್ ಮೂಲದ ಕುಟುಂಬಗಳು ಬೇಕಾದಷ್ಟಿವೆ. ಆದರೂ ಎಷ್ಟೋ ಸಲೂನುಗಳು ‘ಸಾರಿ, ನಾವು ಮಾಡಲ್ಲ’ ಅಂದುಬಿಡುತ್ತವೆ.

ತಾತ್ಸಾರ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ನಾನು ಜಾಸ್ತಿ ಕಂಡಿರುವುದು ಭಯ. ಬ್ರಿಟನ್ನಿನ ಹೇರ್‌ಡ್ರೆಸಿಂಗ್ ಕೋರ್ಸುಗಳಲ್ಲಿ ಆಫ್ರೋ ಕೂದಲು ಬಹುಕಾಲ ಕಡ್ಡಾಯ ಪಾಠವೇ ಆಗಿರಲಿಲ್ಲ. ನೇರ ಕೂದಲಿನ ಗೊಂಬೆ ತಲೆಯ ಮೇಲೆ ಕತ್ತರಿ ಆಡಿಸಿ ಪಾಸಾಗಬಹುದಿತ್ತು. 2021ರಲ್ಲಿ ರಾಷ್ಟ್ರೀಯ ಮಾನದಂಡ ಬದಲಾಯಿತು, ಎಲ್ಲ ಬಗೆಯ ಕೂದಲೂ ಪಾಠಕ್ಕೆ ಬಂತು. ಹೊಸಬರಿಗೆ ಒಳ್ಳೆಯದಾಯಿತು. ಹಳಬರ ಗತಿ? ಈ ದೇಶದಲ್ಲಿ ಕೂದಲು ಕತ್ತರಿಸೋಕೆ ಲೈಸೆನ್ಸೇ ಬೇಕಿಲ್ಲ! ಹಾಗಾಗಿ ಅವರನ್ನು ಮತ್ತೆ ಕಲಿಯಿರಿ ಅನ್ನುವವರೂ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಲೈಸೆನ್ಸ್ ಕಡ್ಡಾಯ, ಅದಕ್ಕೆ 1000 ಗಂಟೆಗಳ ತರಬೇತಿ ಬೇಕು. ಆ ತರಬೇತಿಯಲ್ಲಿ ಎಲ್ಲ ಬಗೆಯ ಕೂದಲೂ ಇರಲೇಬೇಕು ಅಂತ ಅಲ್ಲಿ 2023ರಲ್ಲಿ ಕಾನೂನೇ ಮಾಡಿದರು.

ನಮ್ಮಲ್ಲಿ ಈಗ ಹೊಸ ಹುಡುಗಿಯರಿಗೆ ಕಲಿಸುವಾಗ ಬಾಚಣಿಗೆ ಕೊಡುವುದು ತಡವಾಗಿ. ಮೊದಲು ಬರಿಗೈಲಿ ಮುಟ್ಟಬೇಕು, ಅದೂ ಒಣ ಕೂದಲನ್ನು. ಒಂದೇ ತಲೆಯಲ್ಲಿ ನೆತ್ತಿಯದು ಒಂದು ಥರ, ಹಿಂಗತ್ತಿನದು ಇನ್ನೊಂದು ಥರ ಸುತ್ತಿಕೊಂಡಿರುತ್ತದೆ. ನೋಡಿದರೆ ಗಟ್ಟಿ ಅನ್ನಿಸುವ ಕೂದಲು ನಿಜಕ್ಕೂ ನಾಜೂಕು. ತಲೆಯ ಎಣ್ಣೆಯಂಶ ಸುರುಳಿ ಸುತ್ತಿಕೊಂಡು ತುದಿಯವರೆಗೆ ಇಳಿಯುವುದಿಲ್ಲ, ಅದಕ್ಕೇ ಬೇಗ ಒಣಗುತ್ತದೆ. ಪ್ರತಿ ತಿರುವೂ ಮುರಿಯಬಹುದಾದ ಜಾಗ. ಒಣಗಿದ್ದಾಗ ಬ್ರಷ್ ಹಾಕಿ ಜಗ್ಗಿದರೆ ಮುಗೀತು. ನಾಲ್ಕು ಭಾಗ ಮಾಡಿ, ನೀರು, ಕಂಡೀಷನರ್ ಹಾಕಿ, ಬೆರಳಲ್ಲೋ ಅಗಲ ಹಲ್ಲಿನ ಬಾಚಣಿಗೆಯಲ್ಲೋ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು.

ಕತ್ತರಿಯದು ಬೇರೆಯೇ ಲೆಕ್ಕ. ಎಳೆದರೆ ಹನ್ನೆರಡು ಇಂಚು ಬರುವ ಕೂದಲು ಒಣಗಿದ ಮೇಲೆ ನಾಲ್ಕೇ ಇಂಚು ಕಾಣಬಹುದು. ಒದ್ದೆಯಲ್ಲಿ ‘ಸುಮ್ನೆ ಎರಡಿಂಚು ತೆಗೀತೀನಿ’ ಅನ್ನುವ ಹಾಗಿಲ್ಲ. ಅದಕ್ಕೇ ನಾವು ಒಣಗಿದ್ದಾಗಲೇ, ಆಕಾರ ನೋಡಿಕೊಂಡು ಕತ್ತರಿಸುತ್ತೇವೆ. ಹೆಣೆಯುವಾಗ ಬಿಗಿಯ ಮೇಲೆ ಕಣ್ಣಿರಬೇಕು. ದಿನವೂ ಬುಡ ಜಗ್ಗಿದರೆ ಹಣೆಯಂಚಿನ ಕೂದಲು ಉದುರಿ, ಕೆಲವರಿಗೆ ಮತ್ತೆ ಬರುವುದೇ ಇಲ್ಲ. ಹುಬ್ಬು ಮೇಲೇರುವ ಹಾಗೆ ಜಡೆ ಹಾಕುತ್ತಿದ್ದ ನಮ್ಮ ಅಜ್ಜಿಯರಿಗೂ ಇದನ್ನು ಹೇಳಬೇಕಿತ್ತು, ಅಲ್ವಾ?

ಕಲಿಕೆಗೆ ಗೊಂಬೆ ಸಾಲದು. ಗೊಂಬೆ ‘ಅಮ್ಮಾ’ ಅನ್ನುವುದಿಲ್ಲ. ನಿಜವಾದ ತಲೆಗಳು ಬೇಕು, ಪಕ್ಕದಲ್ಲಿ ಕೈ ಪಳಗಿದವರೊಬ್ಬರು ನಿಂತಿರಬೇಕು. ಒಂದು ದಿನದ ವರ್ಕ್‌ಶಾಪ್ ಮುಗಿಸಿ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕುವ ಸಲೂನುಗಳ ಮೇಲೆ ನನಗೆ ನಂಬಿಕೆಯಿಲ್ಲ. ಕಲಿಯುವವರ ಮುಖವೂ ಮುಖ್ಯ. ಕನ್ನಡಿಯಲ್ಲಿ ಅವರ ಗಾಬರಿ ಕುರ್ಚಿಯಲ್ಲಿ ಕೂತವರಿಗೆ ಕಾಣುತ್ತಿರುತ್ತದೆ. ‘ಅಬ್ಬಾ, ಎಷ್ಟು ದಟ್ಟ!’ ಅನ್ನುವ ಉದ್ಗಾರ ನಮ್ಮಲ್ಲಿ ನಿಷಿದ್ಧ. ಚಿಕ್ಕಂದಿನಿಂದ ಅದನ್ನೇ ಕೇಳಿ ಬಂದವರು ಅವರು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೂದಲೂ ಇದೇ ಬಗೆಯದು. ಅಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಕೊಡುವವರು ಇದನ್ನು ಓದುತ್ತಿದ್ದರೆ, ಸ್ಟ್ರೈಟನಿಂಗ್ ಕಲಿಸುವ ಮೊದಲು ಸಿಕ್ಕು ಬಿಡಿಸುವುದನ್ನು ಕಲಿಸಿ. ಖರ್ಚೇನೂ ಜಾಸ್ತಿ ಇಲ್ಲ.

ಉಳಿದದ್ದು ದುಡ್ಡಿನ ಜಗಳ. ಕೆಲವು ಕಡೆ ‘ಆಫ್ರೋ’ ಅಂದ ಕೂಡಲೇ ಬಿಲ್ ಏರುತ್ತದೆ. ನಮ್ಮಲ್ಲಿ ಈಗ ರೇಟು ಗಂಟೆಯ ಲೆಕ್ಕ. ನೇರ ಕೂದಲೇ ಆದರೂ ಸೊಂಟದುದ್ದ ಇದ್ದರೆ ಹೊತ್ತು ಹಿಡಿಯುತ್ತದೆ, ಅವರೂ ಅಷ್ಟೇ ಕೊಡುತ್ತಾರೆ.